ಇಪ್ಪತ್ತಕ್ಕೆ ಹನ್ನೊಂದು ಬಂತು ಅಂತ ಮಗನನ್ನು ಬೈಯಬೇಡಿ

ಹೋದ ಸಂಚಿಕೆಯಲ್ಲಿ ಮಕ್ಕಳ ಅಲ್ಟಿಮೇಟ್ ಫ್ರಿಸ್ಬಿ ಬಗ್ಗೆ ಎರಡು ಪುಟ ಬರೆದಿದ್ದೆ. ಓದದೇ ಇದ್ದವರಿಗಾಗಿ ಚಿಕ್ಕದಾಗಿ ಹೇಳುತ್ತೇನೆ. ಒಂದೊಂದು ತಂಡದಲ್ಲಿ 7 ಜನ, 100 ಮೀಟರ್ ಉದ್ದದ ಮೈದಾನ, 175 ಗ್ರಾಂ ತೂಕದ ಡಿಸ್ಕ್, ಅಂದರೆ ತಟ್ಟೆಯಂಥ ಪ್ಲಾಸ್ಟಿಕ್ ಬಿಲ್ಲೆ. ಡಿಸ್ಕ್ ಕೈಯಲ್ಲಿ ಹಿಡಿದು ಓಡುವ ಹಾಗಿಲ್ಲ, ಎಸೆಯಬೇಕು. ಆ ಕಡೆಯ ಎಂಡ್ ಝೋನ್, ಅಂದರೆ ಮೈದಾನದ ತುದಿಯ ಪಟ್ಟಿಯ ಒಳಗೆ ನಿಮ್ಮವರು ಯಾರಾದರೂ ಹಿಡಿದರೆ ಒಂದು ಪಾಯಿಂಟ್. ಅಂಪೈರ್ ಇರುವುದಿಲ್ಲ. ಫೌಲ್ ಆಯಿತೋ ಇಲ್ಲವೋ ಅನ್ನುವುದನ್ನು ಆಡುವವರೇ ನಿಂತು ಮಾತಾಡಿ ತೀರ್ಮಾನ ಮಾಡುತ್ತಾರೆ. ಆಟ ಮುಗಿದ ಮೇಲೆ ಎರಡೂ ತಂಡದವರು ಎದುರಿನವರು ಎಷ್ಟು ನ್ಯಾಯವಾಗಿ ಆಡಿದರು ಅಂತ ಅಂಕ ಕೊಡುತ್ತಾರೆ. ಅದೇ ಸ್ಪಿರಿಟ್ ಸ್ಕೋರ್.

ಬಂದ ಪತ್ರಗಳಲ್ಲಿ ಹೆಚ್ಚಿನವು ಆಟದ ಬಗ್ಗೆ ಅಲ್ಲ, ಈ ಅಂಕದ ಬಗ್ಗೆ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಮೊದಲು ಪತ್ರ, ಅದರ ಕೆಳಗೆ ನನ್ನ ಉತ್ತರ.

ನನ್ನ ಮಗನಿಗೆ 12 ವರ್ಷ. ಮೊದಲ ಟೂರ್ನಮೆಂಟ್ ಆಡಿ ಬಂದ. ಅವರ ತಂಡಕ್ಕೆ ಸ್ಪಿರಿಟ್‌ನಲ್ಲಿ 20ಕ್ಕೆ 11 ಬಂದಿದೆಯಂತೆ. ಬರೀ 55 ಪರ್ಸೆಂಟ್! ಗಲಾಟೆ ಮಾಡಿದ್ದೀರಾ ಅಂತ ಕೇಳಿದರೆ ಇಲ್ಲ ಅನ್ನುತ್ತಾನೆ. ಬೈದೂ ಆಯಿತು. ಎಲ್ಲಿ ತಪ್ಪಾಗಿದೆ?
— ಒಬ್ಬ ತಾಯಿ, ಜಯನಗರ, ಬೆಂಗಳೂರು

ಅಮ್ಮಾ, ಎಲ್ಲೂ ತಪ್ಪಾಗಿಲ್ಲ. 11 ಒಳ್ಳೆಯ ಅಂಕ. ಮೊದಲ ಟೂರ್ನಮೆಂಟ್ ಆಡಿದ ಮಕ್ಕಳಿಗಂತೂ ತುಂಬಾ ಒಳ್ಳೆಯ ಅಂಕ. ಇವತ್ತು ಸಂಜೆ ಅವನನ್ನು ಕೂರಿಸಿಕೊಂಡು ಈ ಮಾತು ಹೇಳಿಬಿಡಿ, ದಯವಿಟ್ಟು.

ಲೆಕ್ಕ ಹೀಗಿದೆ. ವಿಶ್ವ ಫ್ಲೈಯಿಂಗ್ ಡಿಸ್ಕ್ ಫೆಡರೇಶನ್ ಮಾಡಿರುವ ಹಾಳೆಯಲ್ಲಿ ಐದು ಪ್ರಶ್ನೆ ಇರುತ್ತವೆ. ಎದುರಿನವರಿಗೆ ನಿಯಮ ಗೊತ್ತಿತ್ತಾ, ಅದನ್ನು ಸರಿಯಾಗಿ ಬಳಸಿದರಾ? ಮೈಮೇಲೆ ಬೀಳದೆ, ತಳ್ಳದೆ ಆಡಿದರಾ? ತಮ್ಮವರದ್ದೇ ತಪ್ಪಿದ್ದಾಗ ಒಪ್ಪಿಕೊಂಡರಾ? ಗೆಲ್ಲುವಾಗಲೂ ಸೋಲುವಾಗಲೂ ನಡವಳಿಕೆ ಚೆನ್ನಾಗಿತ್ತಾ? ಮಾತಾಡುವಾಗ ಮರ್ಯಾದೆ ಇತ್ತಾ, ನಮ್ಮ ಮಾತು ಕೇಳಿಸಿಕೊಂಡರಾ? ಒಂದೊಂದಕ್ಕೆ 0ರಿಂದ 4ರವರೆಗೆ ಅಂಕ. ಇದರಲ್ಲಿ 2 ಅಂದರೆ ‘ಚೆನ್ನಾಗಿತ್ತು’. ಆಟ ಎಲ್ಲರೂ ಆಡುವ ಹಾಗೆ ನೆಟ್ಟಗೆ ನಡೆಯಿತು ಅಂತ ಅರ್ಥ. ಹಾಗೆ ಐದಕ್ಕೂ ಎರಡೆರಡು ಹಾಕಿದರೆ 10. ಅಂದರೆ ಈ ಹಾಳೆ ಶುರುವಾಗುವುದೇ ಹತ್ತರಿಂದ. ಅಲ್ಲಿಂದ ಯಾವುದಾದರೂ ಒಂದು ವಿಷಯ ಮನಸ್ಸಿಗೆ ಹಿಡಿಸಿದರೆ ಒಂದು ಮೇಲೆ, ಬೇಸರ ತಂದರೆ ಒಂದು ಕೆಳಗೆ. ನಿಮ್ಮ ಮಗನ ತಂಡಕ್ಕೆ 11 ಬಂದಿದೆ ಅಂದರೆ, ಆಟ ಚೆನ್ನಾಗಿತ್ತು, ಅದರ ಜೊತೆಗೆ ಎದುರಿನ ಮಕ್ಕಳು ‘ಇದೊಂದು ವಿಷಯ ಇನ್ನೂ ಚೆನ್ನಾಗಿತ್ತು’ ಅಂತ ಬರೆದಿದ್ದಾರೆ ಅಂತ. ಆ ಒಂದು ಅಂಕ ಯಾವುದಕ್ಕೆ ಸಿಕ್ಕಿತು ಅಂತ ಮಗನನ್ನು ಕೇಳಿ. ಅವನಿಗೆ ಗೊತ್ತಿರುತ್ತದೆ.

ನಮ್ಮ ಮನೆಗಳಲ್ಲಿ ಅಂಕ ಅಂದ ಕೂಡಲೇ ಮಾರ್ಕ್ಸ್ ಕಾರ್ಡ್ ಕಣ್ಣಮುಂದೆ ಬರುತ್ತದೆ, ಅದು ನನಗೂ ಗೊತ್ತು. ನೂರಕ್ಕೆ ತೊಂಬತ್ತೈದು ಬಂದರೂ ಆ ಐದು ಎಲ್ಲಿ ಹೋಯಿತು ಅಂತ ಕೇಳುವ ಮನೆಗಳಿಂದಲೇ ನನ್ನ ಹತ್ತಿರ ಮಕ್ಕಳು ಬರುತ್ತಾರೆ. ಈ ಹಾಳೆಗೆ ಆ ಕಣ್ಣು ಬೇಡ. ಇದು ಎದುರಿನ ತಂಡ ನಿಮ್ಮ ಮಗನ ತಂಡಕ್ಕೆ ಬರೆದ ಒಂದು ಚೀಟಿ, ಅಷ್ಟೇ.

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಖೋ ಖೋ, ವಾಲಿಬಾಲ್ ಆಡಿಸುತ್ತೇನೆ. ನೀವು ಬರೆದದ್ದು ಓದಿ ನಾಲ್ಕು ಡಿಸ್ಕ್ ತರಿಸಿದೆ. ಆದರೆ ಪೀಪಿ ಊದದೆ ನಲವತ್ತು ಮಕ್ಕಳನ್ನು ಬಿಟ್ಟರೆ ಹೊಡೆದಾಟವೇ ಆಗುತ್ತದೆ, ಒಂದು ಸಲ ಆಗಿಯೂ ಹೋಯಿತು. ಪ್ರಾಮಾಣಿಕತೆ ಮನೆಯಿಂದ ಬರಬೇಕು, ಮೈದಾನದಲ್ಲಿ ಕಲಿಸೋಕಾಗುತ್ತಾ?
— ದೈಹಿಕ ಶಿಕ್ಷಣ ಶಿಕ್ಷಕರು, ಶಿವಮೊಗ್ಗ ಜಿಲ್ಲೆ

ಕಲಿಸೋಕಾಗುತ್ತದೆ ಮೇಷ್ಟ್ರೇ. ಎಸೆಯೋದನ್ನ ಹೇಗೆ ಕಲಿಸುತ್ತೀರೋ ಹಾಗೇ. ನಾವೆಲ್ಲ ಮಾಡುವ ದೊಡ್ಡ ತಪ್ಪು ಏನು ಗೊತ್ತಾ? ಎಸೆಯುವುದಕ್ಕೆ ಒಂದು ತಿಂಗಳು ಅಭ್ಯಾಸ ಮಾಡಿಸುತ್ತೇವೆ, ಸ್ಪಿರಿಟ್‌ಗೆ ಮಾತ್ರ ಆಟಕ್ಕೆ ಮುಂಚೆ ಐದು ನಿಮಿಷ ಭಾಷಣ ಮಾಡಿ ಕೈ ತೊಳೆದುಕೊಳ್ಳುತ್ತೇವೆ. ಭಾಷಣ ಕೇಳಿದ ಮಗು ತಲೆ ಆಡಿಸುತ್ತದೆ. ಹತ್ತು ನಿಮಿಷ ಆದ ಮೇಲೆ ಯಾರೋ ಕೈಗೆ ಹೊಡೆದಾಗ, ಉಸಿರು ಏರಿರುತ್ತದೆ, ಸಿಟ್ಟು ಬಂದಿರುತ್ತದೆ, ಆಗ ಏನು ಹೇಳಬೇಕು ಅನ್ನುವ ಮಾತೇ ಬಾಯಲ್ಲಿ ಇರುವುದಿಲ್ಲ. ಬೈಗುಳ ಮಾತ್ರ ರೆಡಿ ಇರುತ್ತದೆ. ಹಾಗಾಗಿ ಮೊದಲು ಮಾತು ಕೊಡಬೇಕು.

ನಾನು ಮಾಡಿಸುವ ಒಂದು ಅಭ್ಯಾಸ ಹೇಳುತ್ತೇನೆ. ಮಕ್ಕಳನ್ನು ಇಬ್ಬಿಬ್ಬರಾಗಿ ಎದುರುಬದುರು ನಿಲ್ಲಿಸಿ. ಒಬ್ಬರು ಎಸೆಯುವವರು, ಇನ್ನೊಬ್ಬರು ಮಾರ್ಕರ್, ಅಂದರೆ ಎದುರು ನಿಂತು ಎಸೆತ ತಡೆಯುವವರು. ಮಾರ್ಕರ್ ಬೇಕಂತಲೇ ಎಸೆಯುವ ಕೈಗೆ ಮೆಲ್ಲಗೆ ತಾಗಿಸಬೇಕು. ಎಸೆಯುವವರು ‘ಫೌಲ್’ ಅಂತ ಜೋರಾಗಿ, ಆದರೆ ಸಿಟ್ಟಿಲ್ಲದೆ ಹೇಳಬೇಕು. ತಕ್ಷಣ ಇಬ್ಬರೂ ನಿಲ್ಲಬೇಕು. ಎಸೆದವರು ಒಂದೇ ವಾಕ್ಯದಲ್ಲಿ ನಡೆದದ್ದು ಹೇಳಬೇಕು: ‘ಎಸೆಯುವಾಗ ನಿನ್ನ ಕೈ ನನ್ನ ಮಣಿಕಟ್ಟಿಗೆ ತಾಗಿತು.’ ‘ನೀನು ಯಾವಾಗಲೂ ಹೀಗೇ’ ಅನ್ನುವ ಹಾಗಿಲ್ಲ. ಆಮೇಲೆ ಮಾರ್ಕರ್ ಉತ್ತರ ಕೊಡಬೇಕು. ಒಪ್ಪಿದರೆ ‘ನೋ ಕಾಂಟೆಸ್ಟ್’, ಒಪ್ಪದಿದ್ದರೆ ‘ಕಾಂಟೆಸ್ಟ್’. ಮೊದಲ ದಿನ ಮಕ್ಕಳು ನಗುತ್ತಾರೆ, ನಾಟಕ ಮಾಡುತ್ತಾರೆ. ಮಾಡಲಿ. ನಾಲ್ಕನೇ ದಿನ ನೋಡಿ, ನಿಜವಾದ ಆಟದಲ್ಲಿ ಯಾರದೋ ಕೈಗೆ ಏಟು ಬಿದ್ದಾಗ ಅದೇ ವಾಕ್ಯ ತಾನಾಗೇ ಬಾಯಿಗೆ ಬರುತ್ತದೆ.

ಎರಡನೇ ಅಭ್ಯಾಸ ಇನ್ನೂ ಮುಖ್ಯ. ಅದೇ ಜೋಡಿ, ಪಾತ್ರ ಅದಲು ಬದಲು. ಈಗ ಯಾರೂ ತಾಗಿಸಿಲ್ಲ, ಆದರೂ ಎಸೆದವರು ಫೌಲ್ ಅಂದರು. ಮೂರನೆಯವನೊಬ್ಬ, ಎಸೆದವರದೇ ತಂಡದವನು, ಓಡಿ ಬಂದು ‘ಇಲ್ಲ ಕಣೋ, ತಾಗಿಲ್ಲ, ನಾನು ನೋಡಿದೆ’ ಅನ್ನಬೇಕು. ನಮ್ಮವನ ವಿರುದ್ಧ ಮಾತಾಡುವುದು ಮಕ್ಕಳಿಗೆ ತುಂಬಾ ಕಷ್ಟ. ಗಲ್ಲಿ ಕ್ರಿಕೆಟ್‌ನಲ್ಲಿ ಬೆಳೆದವರಿಗಂತೂ ಇನ್ನೂ ಕಷ್ಟ, ಅಲ್ಲಿ ಬ್ಯಾಟಿಂಗ್ ಮಾಡುವ ತಂಡದವನೇ ಅಂಪೈರ್ ಆಗಿ ನಿಂತಿರುತ್ತಾನೆ, ಔಟ್ ಕೊಟ್ಟರೆ ಅವನ ಕಥೆ ಅಷ್ಟೇ. ಆ ಅಳುಕನ್ನು ಅಭ್ಯಾಸದಲ್ಲೇ ಬಿಡಿಸಬೇಕು.

ಇನ್ನೊಂದು ವಿಷಯ ನಿಮ್ಮ ಮಕ್ಕಳಿಗೆ ಗೊತ್ತಾದರೆ ಅರ್ಧ ಜಗಳ ನಿಲ್ಲುತ್ತದೆ. ಈ ಆಟದಲ್ಲಿ ಫೌಲ್ ಅಂದರೆ ಶಿಕ್ಷೆ ಅಲ್ಲ. ಒಬ್ಬ ಹುಡುಗಿ ಡಿಸ್ಕ್ ಹಿಡಿಯುವಾಗ ಇನ್ನೊಬ್ಬ ಗುದ್ದಿದ, ಡಿಸ್ಕ್ ಬಿತ್ತು ಅಂತ ಇಟ್ಟುಕೊಳ್ಳಿ. ಅವನು ಒಪ್ಪಿಕೊಂಡರೆ ಅವಳು ಹಿಡಿದಳು ಅಂತಲೇ ಲೆಕ್ಕ. ಒಪ್ಪದಿದ್ದರೆ ಡಿಸ್ಕ್ ಎಸೆದವರಿಗೇ ವಾಪಸ್ ಹೋಗುತ್ತದೆ, ಆ ಎಸೆತವೇ ಆಗಿಲ್ಲ ಅನ್ನುವ ಹಾಗೆ ಮತ್ತೆ ಶುರು. ಯಾರಿಗೂ ಕಾರ್ಡ್ ಇಲ್ಲ, ಪೆನಾಲ್ಟಿ ಇಲ್ಲ. ಯಾರೂ ಬೇಕಂತ ನಿಯಮ ಮುರಿಯುವುದಿಲ್ಲ ಅನ್ನುವ ನಂಬಿಕೆಯ ಮೇಲೆಯೇ ನಿಯಮ ಬರೆದಿದ್ದಾರೆ. ಹಾಗಾಗಿ ‘ನೀನು ಸುಳ್ಳುಗಾರ’ ಅಂತ ಸಾಬೀತು ಮಾಡುವ ಅಗತ್ಯವೇ ಬರುವುದಿಲ್ಲ. ನನಗೆ ಹಾಗೆ ಕಾಣಿಸಿತು, ನಿನಗೆ ಹೀಗೆ ಕಾಣಿಸಿತು, ಸರಿ, ಮತ್ತೆ ಆಡೋಣ. ನಲವತ್ತು ಜನರನ್ನು ಒಟ್ಟಿಗೆ ಬಿಡಬೇಡಿ, ಐದೈದು ಜನರ ಚಿಕ್ಕ ಆಟ ಮಾಡಿ. ಮಾತುಕತೆ ಅರ್ಧ ನಿಮಿಷಕ್ಕಿಂತ ಜಾಸ್ತಿ ಆದರೆ ಡಿಸ್ಕ್ ವಾಪಸ್ ಅಂತ ನಿಮ್ಮ ಶಾಲೆಯ ಮಟ್ಟಿಗೆ ಒಂದು ಕಟ್ಟಳೆ ಇಟ್ಟುಕೊಳ್ಳಿ. ಪೀಪಿ ಮನೆಯಲ್ಲೇ ಇರಲಿ.

ನೀವು ಶಿವಮೊಗ್ಗ ಕಡೆಯವರು ಅಂತ ಇದನ್ನು ಹೇಳದೆ ಇರಲಾರೆ. 1980ರ ಫೆಬ್ರವರಿ, ವಾಂಖೆಡೆಯಲ್ಲಿ ಇಂಗ್ಲೆಂಡ್ ವಿರುದ್ಧ ಗೋಲ್ಡನ್ ಜುಬಿಲಿ ಟೆಸ್ಟ್. ನಿಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ನಮ್ಮ ಕ್ಯಾಪ್ಟನ್. ಇಂಗ್ಲೆಂಡಿನ ಐದು ವಿಕೆಟ್ ಬೇಗ ಬಿದ್ದಿದ್ದವು. ಬಾಬ್ ಟೇಲರ್ ಕೀಪರ್‌ಗೆ ಕ್ಯಾಚ್ ಕೊಟ್ಟರು ಅಂತ ಅಂಪೈರ್ ಬೆರಳು ಎತ್ತಿಯೇ ಬಿಟ್ಟರು. ಬ್ಯಾಟಿಗೆ ತಾಗಿಲ್ಲ ಅಂತ ವಿಶ್ವನಾಥ್‌ಗೆ ಅನ್ನಿಸಿತು, ಟೇಲರ್‌ನನ್ನು ವಾಪಸ್ ಕರೆದರು. ಆಮೇಲೆ ಟೇಲರ್ 43 ಹೊಡೆದರು, ಬೋಥಮ್ ಜೊತೆ ಸೇರಿ 171 ರನ್ ಕೂಡಿಸಿದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ಇದನ್ನು ಮಕ್ಕಳಿಗೆ ಹೇಳುವಾಗ ಸೋತದ್ದನ್ನು ಬಿಟ್ಟು ಹೇಳಬೇಡಿ. ಸೋತದ್ದನ್ನೂ ಸೇರಿಸಿ ಹೇಳಿ. ನನ್ನ ಮಕ್ಕಳು ಅದನ್ನು ಕೇಳಿ ಒಂದು ಕ್ಷಣ ಸುಮ್ಮನಾಗುತ್ತಾರೆ, ಆಮೇಲೆ ಯಾರಾದರೂ ಒಬ್ಬರು ‘ಆದರೂ ಕರೆದರಾ ಅಕ್ಕಾ?’ ಅಂತ ಕೇಳಿಯೇ ಕೇಳುತ್ತಾರೆ.

ನಾವು ನ್ಯೂಜೆರ್ಸಿಯಲ್ಲಿ ಇದ್ದೇವೆ, ಮೂಲ ದಾವಣಗೆರೆ. ಮಗಳು ಹೈಸ್ಕೂಲ್ ತಂಡದಲ್ಲಿ ಆಡುತ್ತಾಳೆ. ಈಚೆಗೆ ಒಂದು ದೊಡ್ಡ ಟೂರ್ನಮೆಂಟ್‌ನಲ್ಲಿ ಅಬ್ಸರ್ವರ್ ಅಂತ ಯಾರನ್ನೋ ನಿಲ್ಲಿಸಿದ್ದರು. ಇಲ್ಲಿಯ ವೃತ್ತಿಪರ ಲೀಗ್‌ನಲ್ಲಿ ರೆಫರಿಗಳೇ ಇದ್ದಾರೆ. ಹಾಗಾದರೆ ಈ ಸ್ಪಿರಿಟ್ ಎಲ್ಲ ಚಿಕ್ಕವರಿಗೆ ಮಾತ್ರಾನಾ?
— ಒಬ್ಬ ತಂದೆ

ಸರ್, ನೀವು ಈ ಆಟದ ತವರಲ್ಲೇ ಇದ್ದೀರಿ. ಮೇಪಲ್‌ವುಡ್‌ನ ಕೊಲಂಬಿಯಾ ಹೈಸ್ಕೂಲ್ ಅಂತ ಇದೆ. 1968ರಲ್ಲಿ ಅಲ್ಲಿಯ ಜೋಯೆಲ್ ಸಿಲ್ವರ್ ಅನ್ನುವ ವಿದ್ಯಾರ್ಥಿ ಶುರು ಮಾಡಿದ ಆಟ ಇದು. ಶಾಲೆಯ ಪಾರ್ಕಿಂಗ್ ಜಾಗದಲ್ಲಿ ರಾತ್ರಿ ದೀಪದ ಕೆಳಗೆ ಆಡುತ್ತಿದ್ದರು. 1970ರಲ್ಲಿ ಗೆಳೆಯರ ಜೊತೆ ಕೂತು ನಿಯಮ ಬರೆದರು, ಅದೇ ವರ್ಷ ಪಕ್ಕದ ಮಿಲ್‌ಬರ್ನ್ ಹೈಸ್ಕೂಲ್ ಜೊತೆ ಮೊದಲ ಪಂದ್ಯ ಆಡಿದರು. ಅಂದರೆ ಇದನ್ನು ಕಟ್ಟಿದವರೇ ನಿಮ್ಮ ಮಗಳ ವಯಸ್ಸಿನವರು. ಒಂದು ರಜಾ ದಿನ ಅವಳನ್ನು ಕರೆದುಕೊಂಡು ಹೋಗಿ ಆ ಜಾಗ ತೋರಿಸಿ.

ಇನ್ನು ಅಬ್ಸರ್ವರ್ ವಿಷಯ. ಅವರು ಎಲ್ಲದಕ್ಕೂ ಪೀಪಿ ಊದುವ ಅಂಪೈರ್ ಅಲ್ಲ. ಡಿಸ್ಕ್ ಗೆರೆಯ ಒಳಗೋ ಹೊರಗೋ, ಸಮಯ ಮೀರಿತಾ, ಇಂಥದ್ದನ್ನು ನೋಡುತ್ತಾರೆ. ಫೌಲ್ ವಿಷಯದಲ್ಲಿ ಆಟಗಾರರು ಮೊದಲು ತಾವೇ ಮಾತಾಡಬೇಕು, ಬಗೆಹರಿಯದಿದ್ದರೆ ಮಾತ್ರ ಅವರ ಹತ್ತಿರ ಹೋಗುವುದು. ವಿಶ್ವ ಮಟ್ಟದ ಪಂದ್ಯಗಳಲ್ಲಿ ಅಷ್ಟೂ ಇಲ್ಲ. ಅಲ್ಲಿ ಗೇಮ್ ಅಡ್ವೈಸರ್ ಇರುತ್ತಾರೆ, ನಿಯಮ ತಿಳಿಸಿ ಸಹಾಯ ಮಾಡುತ್ತಾರೆ, ತೀರ್ಪು ಮಾತ್ರ ಆಡುವವರದೇ. ದೇಶಕ್ಕೆ ಆಡುವವರೂ ‘ನಾನು ತಾಗಿಸಿದೆ, ಹೌದು’ ಅಂತ ನಿಂತು ಹೇಳಬೇಕು. ಹಾಗಾಗಿ ಇದು ಚಿಕ್ಕವರಿಗೆ ಮಾತ್ರ ಅಲ್ಲ. ವೃತ್ತಿಪರ ಲೀಗ್‌ನಲ್ಲಿ ರೆಫರಿ ಇರುವುದು ನಿಜ. ನನಗೆ ಅದು ಇಷ್ಟ ಇಲ್ಲ, ಅದನ್ನು ಬಚ್ಚಿಡುವುದಿಲ್ಲ. ಆದರೆ ಅಲ್ಲೂ ಒಂದು ಬಾಗಿಲು ತೆರೆದಿಟ್ಟಿದ್ದಾರೆ: ರೆಫರಿ ತಮ್ಮ ಪರವಾಗಿ ತಪ್ಪು ತೀರ್ಪು ಕೊಟ್ಟರು ಅಂತ ಗೊತ್ತಾದರೆ ಆಟಗಾರರೇ ಅದನ್ನು ಎದುರಾಳಿಗೆ ಬಿಟ್ಟುಕೊಡಬಹುದು. ಇಂಟೆಗ್ರಿಟಿ ರೂಲ್ ಅನ್ನುತ್ತಾರೆ. ಮಗಳಿಗೆ ಅಂಥ ಒಂದು ವಿಡಿಯೋ ಹುಡುಕಿ ತೋರಿಸಿ.

ನಮ್ಮ ಮಕ್ಕಳು 13–6ರಲ್ಲಿ ಗೆದ್ದರು. ಸೋತ ತಂಡ ಸಿಟ್ಟಿಗೆ ನಮಗೆ ಬರೀ 6 ಕೊಟ್ಟಿತು. ಇನ್ನೊಂದು ತಂಡ ಅದೇ ದಿನ ನಮಗೆ 17 ಕೊಟ್ಟಿತು. ಒಂದೇ ಮಕ್ಕಳು, ಒಂದೇ ದಿನ. ಇಂಥ ಅಂಕಕ್ಕೆ ಬೆಲೆ ಏನು?
— ತರಬೇತುದಾರರು, ಮೈಸೂರು

ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ 6 ನೋಡಿ ಎಷ್ಟು ಅನುಮಾನ ಬಂತೋ, 17 ನೋಡಿಯೂ ಅಷ್ಟೇ ಅನುಮಾನ ಬರಬೇಕಿತ್ತು. ನಮ್ಮ ಕಡೆ ಸೇಡಿನ ಅಂಕಕ್ಕಿಂತ ಮುಲಾಜಿನ ಅಂಕ ಜಾಸ್ತಿ. ಪರಿಚಯದ ಕೋಚ್, ಪಾಪ ದೂರದಿಂದ ಬಂದಿದ್ದಾರೆ, ನಾಳೆ ನಮಗೂ ಅವರೇ ಅಂಕ ಕೊಡುವವರು, ಎಲ್ಲದಕ್ಕೂ ಮೂರು ನಾಲ್ಕು ಹಾಕು ಅನ್ನುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಎಲ್ಲರಿಗೂ 17 ಬಂದರೆ, ನಿಜವಾಗಿ ಚೆನ್ನಾಗಿ ಆಡಿದ ಮಕ್ಕಳಿಗೆ ಹೇಳಲು ನಮ್ಮ ಹತ್ತಿರ ಅಂಕವೇ ಉಳಿಯುವುದಿಲ್ಲ. ತಳ್ಳಿ ಆಡಿದ ಮಗುವಿಗೆ ತಾನು ತಳ್ಳಿದೆ ಅಂತ ತಿಳಿಯುವುದೂ ಇಲ್ಲ.

ನಾವು ಈಗ ಮಾಡುವುದು ಇದು. ಆಟ ಮುಗಿದು, ಎರಡೂ ತಂಡ ಒಟ್ಟಿಗೆ ಹೆಗಲ ಮೇಲೆ ಕೈ ಹಾಕಿಕೊಂಡು ಸ್ಪಿರಿಟ್ ಸರ್ಕಲ್‌ನಲ್ಲಿ ನಿಂತು ಮಾತಾಡಿದ ಮೇಲೆ, ನಮ್ಮ ಮಕ್ಕಳು ನೆರಳಲ್ಲಿ ನೆಲದ ಮೇಲೆ ಕೂರುತ್ತಾರೆ. ಮೊದಲು ನೀರು. ಹಾಳೆ ಮತ್ತು ಪೆನ್ನು ಸ್ಪಿರಿಟ್ ಕ್ಯಾಪ್ಟನ್, ಅಂದರೆ ತಂಡದಲ್ಲಿ ಸ್ಪಿರಿಟ್ ನೋಡಿಕೊಳ್ಳುವ ಆಟಗಾರ್ತಿಯ ಕೈಯಲ್ಲಿ ಇರುತ್ತದೆ, ಕೋಚ್ ಕೈಯಲ್ಲಿ ಅಲ್ಲ. ಅವಳು ಮೊದಲ ಪ್ರಶ್ನೆ ಓದುತ್ತಾಳೆ. ಎಲ್ಲರೂ ಎರಡರಿಂದ ಶುರು ಮಾಡಬೇಕು. ಮೇಲೆ ಹೋಗಬೇಕು ಅಂದವರು, ಕೆಳಗೆ ಇಳಿಯಬೇಕು ಅಂದವರು, ಒಂದು ಘಟನೆ ಹೇಳಲೇಬೇಕು. ‘ಅವರು ಒಳ್ಳೆಯವರು’ ಅಂದರೆ ನಡೆಯುವುದಿಲ್ಲ. ‘ಐದನೇ ಪಾಯಿಂಟ್‌ನಲ್ಲಿ ನೀಲಿ ಕ್ಯಾಪ್ ಹುಡುಗ ತಾನೇ ಬಂದು ನಿನ್ನ ಕಾಲು ಒಳಗಿತ್ತು ಅಂತ ನನಗೆ ಹೇಳಿದ’ ಅನ್ನಬೇಕು. 0 ಅಥವಾ 4 ಹಾಕಿದರೆ ಅದಕ್ಕೆ ಕಾರಣ ಬರೆಯಬೇಕು. ಎದುರಿನವರದು ಮುಗಿದ ಮೇಲೆ ಅದೇ ಐದು ಪ್ರಶ್ನೆಗೆ ತಮಗೆ ತಾವೇ ಅಂಕ ಕೊಟ್ಟುಕೊಳ್ಳಬೇಕು. ಈ ಎರಡನೇ ಭಾಗದಲ್ಲೇ ನಿಜವಾದ ಕಲಿಕೆ ಇರುವುದು. ನಾವು ನಮಗೆ 12 ಕೊಟ್ಟುಕೊಂಡು ಅವರು ನಮಗೆ 8 ಕೊಟ್ಟಿದ್ದರೆ, ಆ ನಾಲ್ಕು ಅಂಕದ ನಡುವೆ ಏನೋ ಇದೆ ಅಂತ. ನಮಗೆ ಕಾಣದ್ದು ಅವರಿಗೆ ಕಂಡಿದೆ.

ನಿಮಗೆ ಬಂದ 6 ಸೇಡಿನದೇ ಇರಬಹುದು. ಆದರೂ ಒಮ್ಮೆ ಕೇಳಿ. 13–6 ಅಂದಿರಲ್ಲ, ಕೊನೆಯ ನಾಲ್ಕು ಪಾಯಿಂಟ್ ಹೇಗೆ ಸಂಭ್ರಮಿಸಿದರು ನಿಮ್ಮ ಮಕ್ಕಳು? ಸೋಲುತ್ತಿರುವ ಮಗುವಿನ ಮುಖದ ಎದುರು ಡಿಸ್ಕ್ ನೆಲಕ್ಕೆ ಬಡಿದರಾ? ಗೊತ್ತಿಲ್ಲ, ನಾನು ಅಲ್ಲಿ ಇರಲಿಲ್ಲ. ನಿಮ್ಮ ಸ್ಪಿರಿಟ್ ಕ್ಯಾಪ್ಟನ್ ಹೋಗಿ ಅವರ ಸ್ಪಿರಿಟ್ ಕ್ಯಾಪ್ಟನ್‌ನ ಕೇಳಲಿ, ‘ನಿಮಗೆ ಏನು ಬೇಜಾರಾಯಿತು?’ ಅಂತ. ಅಂಕ ತಿದ್ದಿಸಲು ಅಲ್ಲ, ತಿಳಿದುಕೊಳ್ಳಲು. ನೀವು ಹೋಗಬೇಡಿ, ಇಬ್ಬರು ಕೋಚ್‌ಗಳು ನಿಂತರೆ ಅದು ಚೌಕಾಸಿ ಆಗಿಬಿಡುತ್ತದೆ. ಇನ್ನೂ ಒಂದು ಮಾತು: ಆಟದ ನಡುವೆಯೇ ಬಿಸಿ ಏರುತ್ತಿದ್ದರೆ ಯಾವ ಕ್ಯಾಪ್ಟನ್ ಬೇಕಾದರೂ ಸ್ಪಿರಿಟ್ ಟೈಮ್‌ಔಟ್ ಕರೆಯಬಹುದು. ಎರಡೂ ತಂಡ ನಡುವೆ ಬಂದು ನಿಂತು, ಏನು ಸರಿ ಹೋಗುತ್ತಿಲ್ಲ ಅಂತ ಮಾತಾಡಿ, ಮತ್ತೆ ಆಡುತ್ತವೆ. ಇದನ್ನು ಮಕ್ಕಳು ಬಳಸುವುದೇ ಇಲ್ಲ, ಸೋತ ಹಾಗೆ ಕಾಣುತ್ತದೆ ಅಂತ. ಬಳಸಲು ಕಲಿಸಿ.

ಅಂಕಕ್ಕೆ ಬೆಲೆ ಏನು ಅಂದಿರಿ. 2018ರ ಫುಟ್‌ಬಾಲ್ ವಿಶ್ವಕಪ್ ನೆನಪಿದೆಯಾ? ಜಪಾನ್, ಸೆನೆಗಲ್ ಎಲ್ಲದರಲ್ಲೂ ಸಮ ಆಗಿ, ಹಳದಿ ಕಾರ್ಡ್ ಕಡಿಮೆ ಇದ್ದ ಜಪಾನ್ ಮುಂದೆ ಹೋಯಿತು. ಅದನ್ನೂ ಫೇರ್ ಪ್ಲೇ ಅಂತಲೇ ಕರೆದರು. ಅಲ್ಲಿ ಎಣಿಸಿದ್ದು ತಪ್ಪುಗಳನ್ನು, ಅದೂ ರೆಫರಿ ಕಂಡ ತಪ್ಪುಗಳನ್ನು. ನಮ್ಮಲ್ಲಿ ಹೇಳುವುದು ನಿಮ್ಮ ಎದುರು ಓಡಿದವರು. ಅವರು ಅಳೆಯುವುದರಲ್ಲಿ ಹೆಚ್ಚು ಕಡಿಮೆ ಆಗುತ್ತದೆ, ಒಪ್ಪುತ್ತೇನೆ. ಆದರೂ ನನಗೆ ಅವರ ಮಾತೇ ಬೇಕು.

ಅಕ್ಕಾ, ನನಗೆ 14. ನಮ್ಮದು ಹುಡುಗ ಹುಡುಗಿಯರು ಸೇರಿ ಆಡುವ ಮಿಕ್ಸೆಡ್ ತಂಡ. ನಮ್ಮ ತಂಡಕ್ಕೆ ಯಾವಾಗಲೂ ಸ್ಪಿರಿಟ್ ಚೆನ್ನಾಗೇ ಬರುತ್ತೆ. ಆದರೆ ನಮ್ಮ ಹುಡುಗರು ನಮಗೆ ಡಿಸ್ಕ್ ಎಸೆಯೋದೇ ಇಲ್ಲ. ನಾನು ಎಂಡ್ ಝೋನ್‌ನಲ್ಲಿ ಒಬ್ಬಳೇ ಖಾಲಿ ನಿಂತಿದ್ದರೂ ಆ ಕಡೆ ಇಬ್ಬರ ಮಧ್ಯೆ ಇರೋ ಹುಡುಗನಿಗೆ ಎಸೀತಾರೆ. ಇದಕ್ಕೆ ಅಂಕ ಇಲ್ವಾ?
— ಮಂಗಳೂರು

ಪುಟ್ಟೀ, ನಿನ್ನ ಪತ್ರವನ್ನು ನಾನು ಎರಡು ಸಲ ಓದಿದೆ. ಇಲ್ಲ, ಇದಕ್ಕೆ ಆ ಹಾಳೆಯಲ್ಲಿ ಜಾಗ ಇಲ್ಲ. ಸ್ಪಿರಿಟ್ ಸ್ಕೋರ್ ಎದುರಿನ ತಂಡದ ಜೊತೆ ಹೇಗೆ ಇದ್ದೀರಿ ಅನ್ನುವುದನ್ನು ಕೇಳುತ್ತದೆ, ನಿಮ್ಮ ನಿಮ್ಮೊಳಗೆ ಹೇಗಿದ್ದೀರಿ ಅಂತ ಕೇಳುವುದಿಲ್ಲ. ಅದು ಈ ಹಾಳೆಯ ಕೊರತೆ. ಮಿಕ್ಸೆಡ್ ಆಟದಲ್ಲಿ ಏಳು ಜನರಲ್ಲಿ ಹುಡುಗರು ನಾಲ್ಕಿದ್ದರೆ ಹುಡುಗಿಯರು ಮೂರು, ಇಲ್ಲವೇ ಹುಡುಗಿಯರು ನಾಲ್ಕಿದ್ದರೆ ಹುಡುಗರು ಮೂರು ಅಂತ ನಿಯಮ ಇದೆ. ಮೈದಾನದ ಒಳಗೆ ನಿಲ್ಲಿಸುವುದಕ್ಕೆ ಮಾತ್ರ ನಿಯಮ ಇದೆ, ಎಸೆಯುವುದಕ್ಕೆ ಇಲ್ಲ.

ನೀನು ಇದನ್ನು ಮಾಡು. ಒಂದು ಅಭ್ಯಾಸದ ದಿನ ಕಾಲು ನೋವಿರುವ ಯಾರಾದರೂ ಒಬ್ಬರು ಬದಿಯಲ್ಲಿ ಕೂತಿರುತ್ತಾರಲ್ಲ, ಅವರ ಕೈಗೆ ಪುಸ್ತಕ ಕೊಟ್ಟು, ಯಾರ ಕೈಗೆ ಎಷ್ಟು ಸಲ ಡಿಸ್ಕ್ ಬಂತು ಅಂತ ಗೀಟು ಹಾಕಲು ಹೇಳು. ಬರೀ ಗೀಟು. ನಾನು ನನ್ನ ತಂಡದಲ್ಲಿ ಒಮ್ಮೆ ಹೀಗೆ ಮಾಡಿಸಿದೆ. ಒಬ್ಬ ಹುಡುಗನ ಹೆಸರಿನ ಮುಂದೆ ಗೀಟು ಸಾಲು ಮುಗಿದು ಕೆಳಗಿನ ಸಾಲಿಗೆ ಬಂದಿತ್ತು, ಇಬ್ಬರು ಹುಡುಗಿಯರ ಮುಂದೆ ಎರಡೆರಡು. ನಾನು ಒಂದು ಮಾತೂ ಆಡಲಿಲ್ಲ, ಪುಸ್ತಕ ಸುತ್ತ ಕಳಿಸಿದೆ. ಆ ಹುಡುಗ ತುಂಬಾ ಹೊತ್ತು ನೋಡುತ್ತಾ ಕೂತಿದ್ದ. ಅವನು ಕೆಟ್ಟವನಲ್ಲ, ಅವನಿಗೆ ಅದು ಕಂಡೇ ಇರಲಿಲ್ಲ. ಮುಂದಿನ ವಾರ ಒಂದೇ ದಿನಕ್ಕೆ ಎಲ್ಲ ಸರಿ ಹೋಗಲಿಲ್ಲ, ಆದರೆ ಎಸೆಯುವ ಮುಂಚೆ ಅವನ ತಲೆ ಎರಡೂ ಕಡೆ ತಿರುಗುತ್ತಿತ್ತು.

ನಿಮ್ಮ ತಂಡ ತನಗೆ ತಾನೇ ಅಂಕ ಕೊಟ್ಟುಕೊಳ್ಳುವಾಗ ಆರನೇ ಪ್ರಶ್ನೆ ಒಂದು ಸೇರಿಸಿಕೊಳ್ಳಿ: ‘ಇವತ್ತು ಎಲ್ಲರಿಗೂ ಡಿಸ್ಕ್ ಸಿಕ್ಕಿತಾ?’ ಈ ಪುಟವನ್ನು ನಿನ್ನ ಕೋಚ್‌ಗೆ ತೋರಿಸು. ನಾನೇ ಹೇಳಿದೆ ಅನ್ನು.

ಗೆರೆಯ ಆಚೆ ನಿಂತ ಅಪ್ಪ ಅಮ್ಮಂದಿರು ‘ಫೌಲ್ ಅನ್ನೋ, ಫೌಲ್ ಅನ್ನೋ’ ಅಂತ ಕೂಗಬಹುದಾ?
— ಹಾಸನ

ಬೇಡ. ಆಡುವವರು ಮಾತ್ರ ಫೌಲ್ ಅನ್ನಬಹುದು, ಕೋಚ್ ಕೂಡ ಅನ್ನುವ ಹಾಗಿಲ್ಲ. ಮಕ್ಕಳೇ ಬಂದು ‘ನೀವು ಏನು ನೋಡಿದಿರಿ?’ ಅಂತ ಕೇಳಿದರೆ ನೋಡಿದ್ದನ್ನು ಹೇಳಿ. ನೋಡದಿದ್ದರೆ ನೋಡಿಲ್ಲ ಅನ್ನಿ. ಚಪ್ಪಾಳೆ ಎರಡೂ ತಂಡಕ್ಕೆ ಹೊಡೆಯಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಅಕ್ಕಾ, ಹೆಸರು ಹಾಕಬೇಡಿ. ನನಗೆ 13 ವರ್ಷ. ಎರಡು ವಾರದ ಹಿಂದೆ 9–9 ಇತ್ತು, ಕೊನೇ ಪಾಯಿಂಟ್. ನಾನು ಎಂಡ್ ಝೋನ್ ಮೂಲೆಯಲ್ಲಿ ಹಿಡಿದೆ. ನನ್ನ ಮಾರ್ಕ್ ಮಾಡ್ತಿದ್ದ ಹುಡುಗ ‘ಒಳಗಾ?’ ಅಂತ ಕೇಳಿದ. ನಾನು ‘ಒಳಗೆ’ ಅಂದೆ. ಅವನು ಸರಿ ಅಂದ. ನಾವು ಗೆದ್ವಿ. ಆಮೇಲೆ ನೋಡಿದರೆ ನನ್ನ ಶೂ ತುದಿಗೆ ಸುಣ್ಣ ಹತ್ತಿತ್ತು. ನಾನು ಅದನ್ನ ಹುಲ್ಲಿಗೆ ಒರೆಸಿಬಿಟ್ಟೆ. ಅವರು ನಮಗೆ ಸ್ಪಿರಿಟ್‌ನಲ್ಲಿ 14 ಕೊಟ್ಟರು. ಈಗ ಏನು ಮಾಡಲಿ?

ನೀನು ಇದನ್ನು ಯಾರಿಗೂ ಹೇಳದೆ ಎರಡು ವಾರ ಇಟ್ಟುಕೊಂಡಿದ್ದೀಯ, ಅದು ಎಷ್ಟು ಭಾರ ಅಂತ ನನಗೆ ಗೊತ್ತು ಮಗಾ.

ಮೊದಲು ನಿಯಮ ಹೇಳುತ್ತೇನೆ, ಯಾಕೆಂದರೆ ನಿನಗೆ ಅನುಮಾನ ಇರಬಹುದು. ಅಲ್ಟಿಮೇಟ್‌ನಲ್ಲಿ ಗೆರೆ ಅಂದರೆ ಹೊರಗೆ. ಸುಣ್ಣ ಹತ್ತಿದ್ದರೆ ನೀನು ಹೊರಗಿದ್ದೆ. ನೀನು ‘ಒಳಗೆ’ ಅಂದಾಗ ನಿನಗೆ ಗೊತ್ತಿರಲಿಲ್ಲ ಅಂತ ನಿನ್ನ ಪತ್ರ ಓದಿದರೆ ಅನ್ನಿಸುತ್ತದೆ. ಗೊತ್ತಿಲ್ಲದಿದ್ದರೆ ‘ನನಗೆ ಕಾಣಲಿಲ್ಲ, ನಿನಗೆ ಕಂಡಿತಾ?’ ಅಂತ ವಾಪಸ್ ಕೇಳಬೇಕಿತ್ತು, ಅಷ್ಟೇ, ಮುಂದಿನ ಸಲ ಹಾಗೇ ಕೇಳು. ತಪ್ಪಾದದ್ದು ಅಲ್ಲಿ ಅಲ್ಲ, ಶೂ ಒರೆಸಿದಾಗ. ಅದು ನಿನಗೇ ಗೊತ್ತು, ಅದಕ್ಕೇ ಆ ಸಾಲು ಬರೆದಿದ್ದೀಯ.

ಪಂದ್ಯದ ಫಲಿತಾಂಶ ಈಗ ಬದಲಾಗುವುದಿಲ್ಲ. ಯಾರೂ ನಿನ್ನ ಮೆಡಲ್ ಕಿತ್ತುಕೊಳ್ಳುವುದಿಲ್ಲ. ಆದರೆ ಆ ಹುಡುಗನಿಗೆ ಹೇಳಬೇಕು. ಅವನು ನಿನ್ನನ್ನು ಕೇಳಿದ, ನಿನ್ನ ಮಾತು ನಂಬಿದ. ನಿನ್ನ ಕೋಚ್‌ಗೂ ಹೇಳಬೇಕು, ಆದರೆ ಆಮೇಲೆ. ಮೊದಲು ಅವನಿಗೆ.

ಮುಂದಿನ ಭಾನುವಾರ ಅದೇ ಮೈದಾನದಲ್ಲಿ ಅವರ ಜೊತೆ ಅಭ್ಯಾಸ ಪಂದ್ಯ ಇದೆ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀಯ. ಸ್ವಲ್ಪ ಬೇಗ ಹೋಗು. ಎಲ್ಲರ ಎದುರು, ಸರ್ಕಲ್‌ನಲ್ಲಿ ಹೇಳಬೇಕಾಗಿಲ್ಲ. ಅವನು ಒಬ್ಬನೇ ಬದಿಯಲ್ಲಿ ಕೂತು ಲೇಸ್ ಕಟ್ಟಿಕೊಳ್ಳುತ್ತಿರುತ್ತಾನಲ್ಲ, ಆಗ ಪಕ್ಕದಲ್ಲಿ ಕೂತುಕೋ. ‘ಅವತ್ತು ಕೊನೇ ಪಾಯಿಂಟ್‌ನಲ್ಲಿ ನನ್ನ ಕಾಲು ಹೊರಗಿತ್ತು. ಆಮೇಲೆ ನನಗೆ ಗೊತ್ತಾಯಿತು, ಹೇಳಲಿಲ್ಲ. ಸಾರಿ.’ ಇಷ್ಟೇ. ಕಾರಣ ಕೊಡಬೇಡ, ಅವನು ಏನಾದರೂ ಅಂದರೆ ಕೇಳಿಸಿಕೋ. ಸಿಟ್ಟಾದರೆ ಆಗಲಿ. ಏನೂ ಅನ್ನದೆ ಲೇಸ್ ಕಟ್ಟುತ್ತಾ ಇದ್ದರೂ ಇರಲಿ, ನೀನು ಎದ್ದು ವಾರ್ಮ್ ಅಪ್‌ಗೆ ಹೋಗು.

ಆಮೇಲೆ ನನಗೊಂದು ಕಾಗದ ಬರೆ. ಹೆಸರು ಹಾಕುವುದಿಲ್ಲ.